ನಮಗಲ್ಲದ ಅಲೆಗಳನ್ನು ಅಳೆದವರು

ಟಿವಿ ಬರುವ ಮುಂಚಿನ ದಿನಗಳಲ್ಲಿ ಮುಂಬಯಿ, ಪುಣೆಯಂಥ ಊರುಗಳಲ್ಲಿ ರೇಡಿಯೋ ತಿರುವಿದ ಕನ್ನಡಿಗರಿಗೆ ಒಂದು ವಿಷಯ ನೆನಪಿರಬಹುದು. ಹಗಲಲ್ಲಿ ಬರೀ ಗೊರಗೊರ ಎನ್ನುತ್ತಿದ್ದ ಕಡೆ, ರಾತ್ರಿಯಾದರೆ ಧಾರವಾಡ ಆಕಾಶವಾಣಿ ಸಿಗುತ್ತಿತ್ತು. ಇದಕ್ಕೆ ಕಾರಣ ನಮ್ಮ ರೇಡಿಯೋ ಅಲ್ಲ, ಆಕಾಶ. ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ, ಬಿಸಿಲಿನ ಹೊಡೆತಕ್ಕೆ ಗಾಳಿಯ ಕಣಗಳು ವಿದ್ಯುದಾವೇಶ ಪಡೆಯುವ ಪದರವೊಂದಿದೆ. ಹೆಸರು ಡಿ ಪದರ. ಹಗಲಲ್ಲಿ ಅದು ಮಧ್ಯಮ ತರಂಗಗಳನ್ನು ನುಂಗಿಬಿಡುತ್ತದೆ. ರಾತ್ರಿ ಅದು ತೆಳ್ಳಗಾಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದೂರಿಗೆ ಇಳಿಯುತ್ತವೆ.

ಈ ಡಿ ಪದರವನ್ನು ಅಳೆಯುವುದು ಮಹಾ ಕಷ್ಟ. ಬಲೂನು ಅಷ್ಟು ಎತ್ತರಕ್ಕೆ ಏರದು. ಉಪಗ್ರಹ ಅಷ್ಟು ಕೆಳಗೆ ನಿಲ್ಲದು. ರಾಕೆಟ್ ಹಾರಿಸಿದರೆ ಕೆಲವೇ ನಿಮಿಷದ ಲೆಕ್ಕ ಸಿಗುತ್ತದೆ. ದಿನವಿಡೀ ಅದರ ಮೇಲೆ ಕಣ್ಣಿಡಬೇಕೆಂದರೆ ಅಗ್ಗದ ದಾರಿ ಒಂದಿದೆ: 3ರಿಂದ 30 ಕಿಲೋಹರ್ಟ್ಸ್‌ನ ಅತಿ ಕಡಿಮೆ ಕಂಪನಾಂಕದ ಅಲೆಗಳು. ಇವುಗಳ ಉದ್ದವೇ 10ರಿಂದ 100 ಕಿ.ಮೀ. ಕೆಳಗೆ ನೆಲ, ಮೇಲೆ ಡಿ ಪದರ, ನಡುವಿನ ಓಣಿಯಲ್ಲಿ ಇವು ಸಾವಿರಾರು ಕಿ.ಮೀ. ಸಾಗುತ್ತವೆ. ಛಾವಣಿ ಸ್ವಲ್ಪ ಇಳಿದರೂ ಏರಿದರೂ ದೂರದಲ್ಲಿ ಸಿಗುವ ಸಂಕೇತದ ಬಲ ಬದಲಾಗುತ್ತದೆ.

ಈ ವಿದ್ಯೆಯ ಚರಿತ್ರೆ ತಮಾಷೆಯಾಗಿದೆ. ಶುರುವಿನಿಂದಲೂ ಇದು ತಮಗಾಗಿ ಕಳಿಸದ ಸಂಕೇತಕ್ಕೆ ಕಿವಿಗೊಟ್ಟವರ ಕಥೆ. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಶತ್ರುಗಳ ಫೋನ್ ಮಾತು ಕದ್ದು ಕೇಳಲು ನೆಲಕ್ಕೆ ತಂತಿ ಹುಗಿದಿತ್ತು. ಕೆಲವೊಮ್ಮೆ ಮಾತಿನ ಬದಲು ಸಿಳ್ಳೆ ಕೇಳಿಸುತ್ತಿತ್ತು. ಹೈನ್ರಿಖ್ ಬಾರ್ಖೌಸೆನ್ 1919ರಲ್ಲಿ ಅದರ ಬಗ್ಗೆ ಬರೆದರು. ಆ ಸಿಳ್ಳೆ ಮಿಂಚಿನ ಮರಿ ಎಂದೂ, ಭೂಮಿಯ ಕಾಂತರೇಖೆಗಳ ಗುಂಟ ಬಾಹ್ಯಾಕಾಶದವರೆಗೆ ಹೋಗಿ ಇನ್ನೊಂದು ಗೋಳಾರ್ಧಕ್ಕೆ ಇಳಿಯುತ್ತದೆ ಎಂದೂ 1953ರಲ್ಲಿ ಓವನ್ ಸ್ಟೋರಿ ವಿವರಿಸಿದರು.

ಆ ಹೊತ್ತಿಗೆ ದೀರ್ಘ ತರಂಗಗಳ ವೈಭವ ಮುಗಿದಿತ್ತು. ಒಂದು ಕಾಲಕ್ಕೆ ಸಮುದ್ರ ದಾಟಬೇಕಾದರೆ ದೀರ್ಘ ಅಲೆಯೇ ಬೇಕು ಎಂದು ದೊಡ್ಡ ಕಂಪನಿಗಳು ನಂಬಿದ್ದವು. ಅಮೆರಿಕದ 1912ರ ಕಾನೂನು ಹವ್ಯಾಸಿಗಳನ್ನು 200 ಮೀಟರ್‌ಗಿಂತ ಚಿಕ್ಕ, ಯಾರಿಗೂ ಬೇಡದ ಅಲೆಗಳಿಗೆ ತಳ್ಳಿತು. ಅವರು 1923ರಲ್ಲಿ ಅದೇ ಚಿಕ್ಕ ಅಲೆಗಳಲ್ಲಿ ಅಟ್ಲಾಂಟಿಕ್‌ನ ಆಚೆ ಈಚೆ ಮಾತಾಡಿ ತೋರಿಸಿದರು. ಆಮೇಲೆ ಕಂಪನಿಗಳೂ ಆ ದಾರಿ ಹಿಡಿದವು. ಪುಣೆಯ ಹತ್ತಿರದ ಖಡಕಿ ಮತ್ತು ದೌಂಡ್‌ನಿಂದ 1927ರಲ್ಲಿ ಇಂಗ್ಲೆಂಡಿಗೆ ಶುರುವಾದ ಬೀಮ್ ವೈರ್‌ಲೆಸ್ ಕೂಡ ಹ್ರಸ್ವ ತರಂಗದ್ದೇ. ದೀರ್ಘ ಅಲೆಗಳು ಮುಖ್ಯವಾಗಿ ನೌಕಾಪಡೆಗಳ ಪಾಲಿಗೆ ಉಳಿದವು. ಉಪ್ಪು ನೀರಿನೊಳಗೆ ಸ್ವಲ್ಪವಾದರೂ ಇಳಿದು ಜಲಾಂತರ್ಗಾಮಿಗಳನ್ನು ಮುಟ್ಟುವುದು ಇವೇ ತಾನೆ! ಆ ಹಳೆಯ ಕಾಲದ ಒಂದು ಕೇಂದ್ರ ಸ್ವೀಡನ್ನಿನ ಗ್ರಿಮೆಟಾನ್‌ನಲ್ಲಿ ಇಂದಿಗೂ ಇದೆ. 1924ರ ಆ ಯಂತ್ರವನ್ನು ವರ್ಷಕ್ಕೆ ಒಂದೆರಡು ಸಲ 17.2 ಕಿಲೋಹರ್ಟ್ಸ್‌ನಲ್ಲಿ ಓಡಿಸುತ್ತಾರೆ. ಹವ್ಯಾಸಿಗಳು ಕೇಳಿ, ಸಿಕ್ಕಿತೆಂದು ವರದಿ ಕಳಿಸುತ್ತಾರೆ.

ಹವ್ಯಾಸಿಗಳು ತಾವು ಹೊರದೂಡಲ್ಪಟ್ಟ ದೀರ್ಘ ಅಲೆಗಳಿಗೆ ಮರಳಿದ್ದು ಸೂರ್ಯನಿಂದಾಗಿ. ಸೂರ್ಯನ ಮೇಲೆ ಜ್ವಾಲೆ ಎದ್ದರೆ ಅದರ ಕ್ಷಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ಮುಟ್ಟುತ್ತದೆ. ಡಿ ಪದರ ತಟ್ಟನೆ ದಟ್ಟವಾಗಿ ಛಾವಣಿ ಕೆಳಗಿಳಿಯುತ್ತದೆ. ಹ್ರಸ್ವ ತರಂಗದ ಕೇಂದ್ರಗಳು ಮೌನವಾಗುತ್ತವೆ. ಅತಿ ದೀರ್ಘ ಅಲೆಗಳ ಬಲ ಮಾತ್ರ ಅನೇಕ ಸಲ ಏರುತ್ತದೆ! ಫ್ರಾನ್ಸಿನ ರೊಬೇರ್ ಬ್ಯೂರೋ 1930ರ ದಶಕದಲ್ಲಿ, ದೂರದ ಮಿಂಚುಗಳ ಸದ್ದು ಇಂಥ ಹೊತ್ತಿನಲ್ಲಿ ಜೋರಾಗುವುದನ್ನು ಗುರುತಿಸಿದರು. ಅಮೆರಿಕದಲ್ಲಿ ಬದಲಾಗುವ ನಕ್ಷತ್ರಗಳನ್ನು ನೋಡುವ ಹವ್ಯಾಸಿಗಳ ಸಂಘ ಎಎವಿಎಸ್‌ಒ 1950ರ ದಶಕದಿಂದ ಇದನ್ನೇ ಒಂದು ಕೆಲಸವಾಗಿ ಹಚ್ಚಿಕೊಂಡಿತು. ಸದಸ್ಯರು ಮನೆಯಲ್ಲೇ ರಿಸೀವರ್ ಕಟ್ಟಿ ಹಗಲೂ ರಾತ್ರಿ ಗೆರೆ ಎಳೆಸಿದರು. ಜ್ವಾಲೆಯ ದಿನ ಆ ಗೆರೆ ಒಂದು ಗುಡ್ಡವಾಗುತ್ತದೆ. ಒಂದು ಮಗ್ಗುಲು ಕಡಿದಾದ ಏರು, ಇನ್ನೊಂದು ನಿಧಾನದ ಇಳಿಜಾರು.

ಇವತ್ತು ಈ ಕೆಲಸ ಇನ್ನೂ ಸುಲಭ. ಮರದ ಚೌಕಟ್ಟಿಗೆ ಹತ್ತಾರು ಸುತ್ತು ತಂತಿ, ಒಂದು ಪುಟ್ಟ ಆಂಪ್ಲಿಫೈಯರ್, ಹಳೆಯ ಕಂಪ್ಯೂಟರಿನ ಸೌಂಡ್ ಕಾರ್ಡ್, ಇಷ್ಟು ಸಾಕು. ನಮ್ಮ ದೇಶದಲ್ಲೂ ಅಳೆಯಲು ಒಂದು ಒಳ್ಳೆಯ ಸಂಕೇತವಿದೆ. ತಮಿಳುನಾಡಿನ ತಿರುನೆಲ್ವೇಲಿ ಹತ್ತಿರದ ವಿಜಯನಾರಾಯಣಂನಲ್ಲಿ 1990ರಲ್ಲಿ ಶುರುವಾದ ನೌಕಾಪಡೆಯ ಕೇಂದ್ರ, 18.2 ಕಿಲೋಹರ್ಟ್ಸ್. ಅದರ ಗುಪ್ತ ಸಂದೇಶದ ಉಸಾಬರಿ ನಮಗೆ ಬೇಡ, ಬಲ ಎಷ್ಟಿದೆ ಅಂತ ಅಳೆದರಾಯಿತು. ನಕಾಶೆಯಲ್ಲಿ ಅಲ್ಲಿಂದ ಮುಂಬಯಿಗೆ ನೇರ ಗೆರೆ ಎಳೆದು ನೋಡಿ. ಸುಮಾರು 1,300 ಕಿ.ಮೀ. ಮಡಿಕೇರಿ, ಶೃಂಗೇರಿ, ಶಿರಸಿ ಸೀಮೆಯ ಮೇಲೆ ಹಾದು, ಬೆಳಗಾವಿಯ ಮಗ್ಗುಲಲ್ಲೇ ದಾಟಿ ಬರುತ್ತದೆ. ಅಂದರೆ ಮುಂಬಯಿಯ ಬಾಲ್ಕನಿಯಲ್ಲಿ ಕೂತು ಅಳೆಯುವವನು ಅಳೆಯುವುದು ನಮ್ಮ ಮಲೆನಾಡಿನ ನೆತ್ತಿಯ ಆಕಾಶವನ್ನು! 2009ರ ಜುಲೈ 22ರ ಪೂರ್ಣ ಸೂರ್ಯಗ್ರಹಣದ ದಿನ ಕೋಲ್ಕತ್ತದ ಭಾರತೀಯ ಬಾಹ್ಯಾಕಾಶ ಭೌತವಿಜ್ಞಾನ ಕೇಂದ್ರದವರು ದೇಶದ ಹಲವು ಕಡೆ ರಿಸೀವರ್ ಇಟ್ಟು ಇದೇ ಸಂಕೇತವನ್ನು ಹಿಡಿದರು. ಕೆಲವು ಕಡೆ ಬಲ ಏರಿತು, ಕೆಲವು ಕಡೆ ಇಳಿಯಿತು. ಒಂದೇ ನೆರಳು, ಓಣಿ ಬೇರೆಬೇರೆ.

ಸೂರ್ಯನಷ್ಟೇ ಅಲ್ಲ. 2003ರ ಮಾರ್ಚ್ 29ರಂದು ದೂರದ ಗ್ಯಾಲಕ್ಸಿಯೊಂದರ ಗಾಮಾ ಕಿರಣ ಸ್ಫೋಟ ಜರ್ಮನಿಯ ಒಬ್ಬ ವೀಕ್ಷಕರ ದೀರ್ಘ ತರಂಗದ ಗೆರೆಯಲ್ಲಿ ಗುರುತು ಮೂಡಿಸಿತು. ಅದಕ್ಕಿಂತ ದೊಡ್ಡದು 2022ರ ಅಕ್ಟೋಬರ್ 9ರದ್ದು. ಭಾನುವಾರ, ಸೀಗೆ ಹುಣ್ಣಿಮೆ, ಮುಂಬಯಿಯಲ್ಲಿ ಕೋಜಾಗಿರಿಯ ಕೇಸರಿ ಹಾಲು ಕಾಯುವ ಸಂಜೆ. ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದಿಂದ ಹೊರಟ ಗಾಮಾ ಕಿರಣಗಳು ನಮ್ಮ ಗಡಿಯಾರದ 6 ಗಂಟೆ 47 ನಿಮಿಷಕ್ಕೆ ಭೂಮಿಗೆ ತಾಗಿದವು. ಆ ಕ್ಷಣಕ್ಕೆ ಅವು ಬಂದ ದಿಕ್ಕು ಹೆಚ್ಚುಕಡಿಮೆ ಮುಂಬಯಿಯ ನಡುನೆತ್ತಿ! ಬರಿಗಣ್ಣಿಗೆ ಏನೂ ಕಾಣಲಿಲ್ಲ. ಯುರೋಪಿನ ದೀರ್ಘ ತರಂಗದ ರಿಸೀವರ್‌ಗಳಲ್ಲಿ ಗೆರೆ ಜಿಗಿಯಿತು, ಭಾರತದ ಮಿಂಚು ಶೋಧಕಗಳೂ ಎಚ್ಚೆತ್ತವು.

ಸ್ಫೋಟವನ್ನು ಉಪಗ್ರಹಗಳೇ ಹೇಳುತ್ತವಲ್ಲ, ಇದೆಲ್ಲ ಯಾಕೆ ಎಂದು ಕೇಳಬಹುದು. ಉಪಗ್ರಹ ಹೇಳುವುದು ಏನು ಬಂತು ಎಂಬುದನ್ನು. ನಮ್ಮ ತಲೆಯ ಮೇಲಿನ ಪದರಕ್ಕೆ ಏನಾಯಿತು ಎಂಬುದನ್ನು ಹೇಳಲು ಯಾರಾದರೂ ಆ ಹೊತ್ತಿನಲ್ಲಿ ಅಳೆಯುತ್ತಿರಬೇಕು. ಏನೂ ಆಗದ ನೂರು ದಿನಗಳ ಗೆರೆಯೂ ಜೊತೆಗಿರಬೇಕು, ಇಲ್ಲದಿದ್ದರೆ ಆ ಒಂದು ದಿನದ ಜಿಗಿತ ಗುರುತಿಗೇ ಬಾರದು. ಕೇಂದ್ರಗಳೂ ಶಾಶ್ವತವಲ್ಲ. ಇಂಗ್ಲೆಂಡಿನ ರಗ್ಬಿಯಿಂದ 1926ರಿಂದ ಬರುತ್ತಿದ್ದ 16 ಕಿಲೋಹರ್ಟ್ಸ್ ಸಂಕೇತ 2003ರಲ್ಲಿ ನಿಂತಿತು. ಅದು ಹಾಯುತ್ತಿದ್ದ ಓಣಿಗಳ ಚರಿತ್ರೆ ಈಗ ಬರೆದಿಟ್ಟವರ ಹತ್ತಿರ ಇದ್ದಷ್ಟೇ.

ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಲಿಫ್ಟುಗಳ ಗದ್ದಲದಲ್ಲಿ ನಗರದ ಫ್ಲ್ಯಾಟಿನಲ್ಲಿ ಇದು ಸುಲಭವಲ್ಲ, ನಿಜ. ಅದಕ್ಕೇ ಮನೆಯ ಮಕ್ಕಳಿಗೆ ಆಸಕ್ತಿಯಿದ್ದರೆ ತಂತಿಯ ಚೌಕಟ್ಟನ್ನು ರಜೆಗೆ ಊರಿಗೆ ಒಯ್ಯಿರಿ. ತೋಟದ ಮೂಲೆಯಲ್ಲಿ ಇಟ್ಟು ಒಂದು ವಾರ ಗೆರೆ ಎಳೆಸಿ. ದಿನಾ ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಗೆರೆ ಬಾಗುವುದನ್ನು ನೋಡಿದರೂ ಸಾಕು, ಆಕಾಶಕ್ಕೂ ಒಂದು ಛಾವಣಿಯಿದೆ ಎಂಬುದು ಅವರಿಗೆ ಪಾಠ ಹೇಳದೆಯೇ ತಿಳಿಯುತ್ತದೆ.