ಅಲಿ ಎಂಬ ಎರಡಕ್ಷರ

ಉರ್ದುವಿನಲ್ಲಿ ಐನ್, ಲಾಮ್, ಯೇ ಎಂದು ಮೂರಕ್ಷರ, ಕನ್ನಡದಲ್ಲಿ ಎರಡೇ. ಅಲಿ. ಉನ್ನತನಾದವನು ಎಂದು ಅರಬಿಯಲ್ಲಿ ಅರ್ಥ. ಪ್ರವಾದಿ(ಸ)ಯವರ ಅಳಿಯ, ನಾಲ್ಕನೆಯ ಖಲೀಫ ಹಝ್ರತ್ ಅಲಿ(ರ)ಯವರಿಂದ ಈ ಹೆಸರು ಜಗತ್ತಿಗೆಲ್ಲ ಹಬ್ಬಿತು. ಕ್ರಿ.ಶ. 661ರಲ್ಲಿ ಕೂಫಾದ ಮಸೀದಿಯಲ್ಲಿ ಕತ್ತಿಯೇಟಿಗೆ ಗುರಿಯಾಗಿ ಅವರು ಅಸುನೀಗಿದರು. ಸುನ್ನಿ, ಶಿಯಾ, ಸೂಫಿ ಎಂಬ ಭೇದವಿಲ್ಲದೆ ಜನ ಈ ಹೆಸರನ್ನು ಮಕ್ಕಳಿಗೆ ಇಡುತ್ತಲೇ ಬಂದಿದ್ದಾರೆ. ನಮ್ಮ ನಾಡಿನಲ್ಲಿ ಬಿಜಾಪುರದ ಇಬ್ಬರು ಆದಿಲ್‌ಶಾಹಿ ಸುಲ್ತಾನರೂ ಮೈಸೂರಿನ ಹೈದರ್ ಅಲಿಯೂ ಇದೇ ಹೆಸರಿನವರು.

ಬಾಡಿಗೆ ಮನೆ ಕೇಳಲು ಹೋದಾಗ, ಕೆಲಸದ ಅರ್ಜಿ ಕೊಟ್ಟಾಗ, ಇಂಥ ಹೆಸರು ಕಿವಿಗೆ ಬಿದ್ದೊಡನೆ ಮುಖಭಾವ ಬದಲಾಗುವುದನ್ನು ನಾವು ಕಾಣುತ್ತಿದ್ದೇವೆ. ಹೆಸರೊಂದರಿಂದಲೇ ಮನುಷ್ಯನನ್ನು ಅಳೆಯುವವರು ಈ ಎರಡಕ್ಷರದ ಚರಿತ್ರೆಯನ್ನು ಒಮ್ಮೆ ನೋಡಬೇಕು.

1921ರಲ್ಲಿ ಕರಾಚಿಯ ಖಿಲಾಫತ್ ಸಮ್ಮೇಳನವು ಬ್ರಿಟಿಷ್ ಸೇನೆಯಲ್ಲಿ ದುಡಿಯುವುದು ಮುಸ್ಲಿಮರಿಗೆ ನಿಷಿದ್ಧವೆಂದು ಸಾರಿತು. ಅದಕ್ಕಾಗಿ ಮೌಲಾನಾ ಮುಹಮ್ಮದ್ ಅಲಿ ಮತ್ತು ಅವರ ಅಣ್ಣ ಶೌಕತ್ ಅಲಿ ಜೈಲು ಸೇರಿದರು. ಬಿಡುಗಡೆಯಾದ ಮೇಲೆ 1923ರ ಕಾಕಿನಾಡ ಕಾಂಗ್ರೆಸ್ಸಿಗೆ ಮೌಲಾನಾ ಅಧ್ಯಕ್ಷರಾದರು. ಮರುವರ್ಷ ಬೆಳಗಾವಿಯ ಅಧಿವೇಶನದಲ್ಲಿ ಗಾಂಧೀಜಿ ಆ ಸ್ಥಾನಕ್ಕೆ ಬಂದದ್ದು ಇವರ ನಂತರವೇ. ಬೆಳಗಾವಿ ಎಂದರೆ ಗಾಂಧೀಜಿಯನ್ನು ನೆನೆಯುವ ನಾವು ಈ ಮೌಲಾನಾರನ್ನು ಮರೆತೇಬಿಟ್ಟಿದ್ದೇವೆ. 1942ರ ಆಗಸ್ಟ್ 9ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಧ್ವಜ ಹಾರಿಸಿದ ಅರುಣಾ ಅಸಫ್ ಅಲಿ ಬಂಗಾಳಿ ಬ್ರಾಹ್ಮಣರ ಮಗಳು; ಮದುವೆಯಿಂದ ಈ ಹೆಸರು ಪಡೆದರು, ಕೊನೆತನಕ ಉಳಿಸಿಕೊಂಡರು.

ಕರಾಚಿಯ ಮೊಕದ್ದಮೆ ನಡೆದು ನಾಲ್ಕೂವರೆ ದಶಕಗಳ ಬಳಿಕ, ಅಮೆರಿಕದಲ್ಲಿ ಇನ್ನೊಬ್ಬ ಮುಹಮ್ಮದ್ ಅಲಿ ಸೇನೆಯ ಕಾರಣಕ್ಕೇ ಕಟಕಟೆ ಹತ್ತಿದರು. 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಮಣಿಸಿ ಜಗಜಟ್ಟಿಯಾದ ಬಾಕ್ಸರ್ ಕ್ಯಾಸಿಯಸ್ ಕ್ಲೇ, ಅದು ಗುಲಾಮಗಿರಿಯ ಕಾಲದ ಹೆಸರೆಂದು ಬಿಟ್ಟು ಮುಹಮ್ಮದ್ ಅಲಿಯಾದರು. ಪತ್ರಿಕೆಗಳು ಹಲವು ವರ್ಷ ಹಳೆಯ ಹೆಸರನ್ನೇ ಅಚ್ಚು ಹಾಕಿದವು. ಎದುರಾಳಿ ಅರ್ನಿ ಟೆರೆಲ್ ಕೂಡ ಕ್ಲೇ ಎಂದೇ ಕರೆದ. 1967ರ ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನ ಅಖಾಡದಲ್ಲಿ ಅಲಿ, ನನ್ನ ಹೆಸರೇನು ಹೇಳು ಎಂದು ಕೂಗುತ್ತ ಹದಿನೈದು ಸುತ್ತು ಅವನನ್ನು ಬಡಿದರು. ಅದೇ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲು ನಿರಾಕರಿಸಿದರು. ಪದವಿ ಹೋಯಿತು, ಐದು ವರ್ಷಗಳ ಶಿಕ್ಷೆಯಾಯಿತು, ಮೂರೂವರೆ ವರ್ಷ ಅಖಾಡದಿಂದ ದೂರ ಉಳಿಯಬೇಕಾಯಿತು. 1971ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿತು. 2016ರಲ್ಲಿ ತೀರಿಕೊಂಡಾಗ ಜಗತ್ತು ಅವರನ್ನು ಅವರೇ ಆರಿಸಿಕೊಂಡ ಹೆಸರಿನಿಂದ ಬೀಳ್ಕೊಟ್ಟಿತು.

ನಮ್ಮ ಕ್ರಿಕೆಟ್ಟಿನಲ್ಲೂ ಒಬ್ಬ ಅಲಿ ಇದ್ದರು. ಇಂದೋರಿನ ಮುಷ್ತಾಕ್ ಅಲಿ 1936ರಲ್ಲಿ ಮ್ಯಾಂಚೆಸ್ಟರಿನಲ್ಲಿ 112 ರನ್ ಹೊಡೆದರು. ವಿದೇಶದಲ್ಲಿ ಭಾರತೀಯನೊಬ್ಬನ ಮೊದಲ ಟೆಸ್ಟ್ ಶತಕ ಅದು. ಜೊತೆಗಾರ ವಿಜಯ್ ಮರ್ಚೆಂಟ್. ಇಬ್ಬರೂ ಸೇರಿ ಮೊದಲ ವಿಕೆಟ್ಟಿಗೆ 203 ಪೇರಿಸಿದರು. ಅವರ ಹೆಸರಿನ ಟಿ-20 ಟ್ರೋಫಿಯನ್ನು 2019ರಲ್ಲಿ ಕರ್ನಾಟಕ ಎರಡು ಸಲ ಗೆದ್ದಿತು.

ಸಂಗೀತಕ್ಕೆ ಬಂದರೆ ಬಡೇ ಗುಲಾಂ ಅಲಿ ಖಾನ್. ಲಾಹೋರ್ ಬಳಿಯ ಕಸೂರಿನಲ್ಲಿ ಹುಟ್ಟಿದ ಉಸ್ತಾದರು ವಿಭಜನೆಯ ನಂತರ ಪಾಕಿಸ್ತಾನದಲ್ಲಿ ಉಳಿಯಲಾರದೆ ಭಾರತಕ್ಕೆ ಮರಳಿ ಇಲ್ಲಿಯ ಪೌರರಾದರು. ಅವರು ಹಾಡಿದ 'ಹರಿ ಓಂ ತತ್ಸತ್' ಭಜನೆಯನ್ನು ಜನ ಈಗಲೂ ಕೇಳುತ್ತಾರೆ. 1968ರಲ್ಲಿ ಹೈದರಾಬಾದಿನ ಮಣ್ಣಿಗೆ ಸೇರಿದರು. ಉಸ್ತಾದರಷ್ಟೇ ಅಲ್ಲ, ಉತ್ತರ ಕರ್ನಾಟಕದ ಹಳ್ಳಿಗರೂ ಈ ಹೆಸರನ್ನು ಸಂಗೀತಕ್ಕೆ ಕೂಡಿಸಿದ್ದಾರೆ. ಮೊಹರಂನ ರಿವಾಯತ್ ಪದಗಳಲ್ಲಿ ಹಝ್ರತ್ ಅಲಿಯವರ ಮನೆತನದ ಕಥೆ ಕನ್ನಡದಲ್ಲೇ ಕೇಳಿಬರುತ್ತದೆ. ಹಾಡುವವರಲ್ಲಿ ಹಿಂದೂಗಳೂ ಬಹಳ.

ಒಬ್ಬರು ಜೈಲಿಗೆ ಹೋದರು, ಒಬ್ಬರು ಧ್ವಜ ಹಾರಿಸಿದರು, ಒಬ್ಬರು ಗುದ್ದಿದರು, ಒಬ್ಬರು ಹಾಡಿದರು. ಈ ಎರಡಕ್ಷರದಿಂದ ಇವರಲ್ಲಿ ಯಾರ ಬದುಕನ್ನೂ ಮೊದಲೇ ಊಹಿಸಲು ಸಾಧ್ಯವಿರಲಿಲ್ಲ. ಹೆಸರು ಕೇಳುವುದು ತಪ್ಪಲ್ಲ, ಪರಿಚಯ ಶುರುವಾಗುವುದೇ ಅಲ್ಲಿಂದ. ಹೆಸರು ತಿಳಿದೊಡನೆ ಮಾತು ನಿಲ್ಲಿಸಿ ಬಾಗಿಲು ಹಾಕಿಕೊಳ್ಳುವುದು ತಪ್ಪು.