ಬೈಗುಳ, ಮಕ್ಕಳು ಮತ್ತು ಮಕ್ತಬ್‌

ಮಕ್ಕಳ ಬಾಯಿಗೆ ಹೊಲಸು ಮಾತು ಹತ್ತದಂತೆ ನೋಡಿಕೊಳ್ಳುವ ವಿಚಾರ ಇಸ್ಲಾಮೀ ಪರಂಪರೆಯಲ್ಲಿ ದೊಡ್ಡವರ ನಾಲಿಗೆಯಿಂದಲೇ ಶುರುವಾಗುತ್ತದೆ. ಇಸ್ಲಾಂ ಹುಟ್ಟಿದ ಅರೇಬಿಯಾದಲ್ಲಿ ಬೈಗುಳ ಒಂದು ಕಲೆಯಾಗಿತ್ತು. ಎದುರಾಳಿ ಕುಲವನ್ನು ಪದ್ಯದಲ್ಲಿ ಹೀಗಳೆಯುವ ‘ಹಿಜಾ’ ಕವಿಗೆ ಯೋಧನಷ್ಟೇ ಮರ್ಯಾದೆ. ಅಂಥ ನೆಲದಲ್ಲಿ ಕುರ್‌ಆನ್‌ನ 49ನೇ ಸೂರಾ (ಅಧ್ಯಾಯ) ಗೇಲಿಯನ್ನೂ ಚುಚ್ಚುಮಾತನ್ನೂ ಕೆಟ್ಟ ಅಡ್ಡಹೆಸರನ್ನೂ ನಿಷೇಧಿಸಿತು. ಅನ್ಯರು ಆರಾಧಿಸುವ ದೈವಗಳನ್ನೂ ಬೈಯಬಾರದೆಂದು 6ನೇ ಸೂರಾ ಹೇಳಿತು. 31ನೇ ಸೂರಾದಲ್ಲಿ ಲುಕ್ಮಾನ್ ತನ್ನ ಮಗನಿಗೆ ಹೇಳುವ ಬುದ್ಧಿಮಾತುಗಳಲ್ಲಿ ದನಿ ತಗ್ಗಿಸಿ ಮಾತಾಡಬೇಕೆಂಬುದೂ ಒಂದು.

ಪ್ರವಾದಿಯ ನಡೆನುಡಿಗಳನ್ನು ದಾಖಲಿಸುವ ಹದೀಸ್‌ಗಳಲ್ಲಿ ಈ ನಿಷೇಧ ದಿನನಿತ್ಯದ ಪ್ರಸಂಗಗಳಾಗಿ ಬರುತ್ತದೆ. ಪ್ರವಾದಿಯ ಒಡನಾಡಿ ಅಬೂದರ್ ಒಬ್ಬನನ್ನು ಅವನ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ಅವರಲ್ಲಿ ಇಸ್ಲಾಮಿಗೆ ಮುಂಚಿನ ಅಜ್ಞಾನಕಾಲದ ಗುಣ ಇನ್ನೂ ಉಳಿದಿದೆ ಎಂದು ಪ್ರವಾದಿ ಮುಹಮ್ಮದರು ನೇರವಾಗಿಯೇ ಹೇಳಿದರು. ಇನ್ನೊಬ್ಬನ ತಂದೆಯನ್ನು ಬೈದವನು ತನ್ನ ತಂದೆಗೇ ಬೈಗುಳ ತಂದುಕೊಡುತ್ತಾನೆಂಬ ಎಚ್ಚರಿಕೆಯೂ ಬುಖಾರಿ, ಮುಸ್ಲಿಂ ಸಂಗ್ರಹಗಳಲ್ಲಿದೆ. ಮುಂದಿನ ತಲೆಮಾರುಗಳ ಶಿಕ್ಷಕರು ಪದೇಪದೇ ನೆನೆದದ್ದು ಅನಸ್ ಅವರನ್ನು. ಬಾಲ್ಯದಲ್ಲೇ ಪ್ರವಾದಿಯ ಸೇವೆಗೆ ಸೇರಿ ಹತ್ತು ವರ್ಷ ಮನೆಯಲ್ಲಿ ಓಡಾಡಿಕೊಂಡಿದ್ದ ಅವರು, ಆ ಅವಧಿಯಲ್ಲಿ ಪ್ರವಾದಿಯ ಬಾಯಿಂದ ಒಮ್ಮೆಯೂ ಬೇಸರದ ಉದ್ಗಾರ ಕೇಳಲಿಲ್ಲವೆಂದು ಹೇಳಿಕೊಂಡಿದ್ದಾರೆ.

ನಿಷೇಧ ಬಂದ ಮಾತ್ರಕ್ಕೆ ಚಾಳಿ ಹೋಗಲಿಲ್ಲ. ಉಮಯ್ಯಾ ಆಳ್ವಿಕೆಯಲ್ಲಿ ಬಸ್ರಾದ ಮಿರ್ಬದ್ ಸಂತೆಯಲ್ಲಿ ಜರೀರ್ ಮತ್ತು ಫರಝ್ದಕ್ ಎಂಬ ಕವಿಗಳ ಬೈಗುಳದ ಜುಗಲ್‌ಬಂದಿ ದಶಕಗಳ ಕಾಲ ನಡೆಯಿತು. ಅದರಲ್ಲಿ ಅಶ್ಲೀಲಕ್ಕೇನೂ ಬರವಿರಲಿಲ್ಲ; ಭಾಷಾಪಂಡಿತರಿಗೆ ಆ ಪದ್ಯಗಳು ಶುದ್ಧ ಅರಬಿಯ ಗಣಿಯೂ ಆಗಿದ್ದವು. ಸಾಹಿತ್ಯ ಕಲಿಸಬೇಕು, ಸಾಹಿತ್ಯದೊಳಗಿನ ಹೊಲಸನ್ನು ಕಲಿಸಬಾರದು ಎಂಬ ಈ ಇಕ್ಕಟ್ಟು ಶತಮಾನಗಳ ಕಾಲ ಬಗೆಹರಿಯಲಿಲ್ಲ. ಬಾಗ್ದಾದಿನಲ್ಲಿ ಅಬ್ಬಾಸೀ ರಾಜಕುಮಾರರಿಗೆ ಪಾಠ ಹೇಳುತ್ತಿದ್ದ ಇಬ್ನ್ ಅಬಿದ್ದುನ್ಯಾ (823–894) ಮೌನ ಮತ್ತು ಮಾತಿನ ಶಿಷ್ಟಾಚಾರದ ಬಗ್ಗೆಯೇ ಒಂದು ಇಡೀ ಗ್ರಂಥ ಸಂಕಲಿಸಿದರು.

ಮಕ್ತಬ್‌ನ ಉಸ್ತಾದರಿಗೆ, ಅಂದರೆ ಮಕ್ಕಳ ಶಾಲೆಯ ಗುರುಗಳಿಗೆ, ನಿಯಮಗಳು ಬರಹರೂಪದಲ್ಲಿ ಸಿಗುವುದು ಟುನೀಶಿಯಾದ ಕೈರವಾನ್ ಪಟ್ಟಣದಿಂದ. ಅಲ್ಲಿನ ಇಬ್ನ್ ಸಹ್ನೂನ್ (ನಿಧನ 870) ತಂದೆಯ ತೀರ್ಪುಗಳನ್ನು ಆಧರಿಸಿ ಶಿಕ್ಷಕರ ನಡವಳಿಕೆಯ ಕೈಪಿಡಿ ಬರೆದರು. ಅದನ್ನು ಬೆಳೆಸಿದವರು ಅದೇ ಊರಿನ ಅಲ್ ಖಾಬಿಸೀ (936–1012). ಹುಡುಗನನ್ನು ಮಂಗ ಎಂದು ಜರೆಯುವ ಉಸ್ತಾದರನ್ನು ಅವರು ಸುಮ್ಮನೆ ಬಿಡುವುದಿಲ್ಲ. ಅಂಥ ಮಾತು ಸಿಟ್ಟಿನಿಂದ ಹೊರಡುತ್ತದೆ, ಸಿಟ್ಟಿನ ಗಳಿಗೆಯಲ್ಲಿ ಶಿಕ್ಷಿಸುವುದೇ ತಪ್ಪು ಎಂಬುದು ಅವರ ವಾದ.

ಅತಿ ಸೂಕ್ಷ್ಮವಾದ ಚರ್ಚೆ ಇರುವುದು ಇಮಾಮ್ ಗಝಾಲಿ (1058–1111) ಅವರ ‘ಇಹ್ಯಾ’ ಗ್ರಂಥದಲ್ಲಿ. ಅದರ ಒಂದು ಭಾಗ ನಾಲಿಗೆಯ ಇಪ್ಪತ್ತು ಕೇಡುಗಳಿಗೇ ಮೀಸಲು. ಮಕ್ಕಳ ಮಾತು ಬರುವುದು ಇನ್ನೊಂದು ಭಾಗದಲ್ಲಿ. ಬೈಗುಳ, ಶಾಪ, ಮಾತುಮಾತಿಗೆ ಆಣೆ ಇವುಗಳಿಂದ ಮಗುವನ್ನು ದೂರವಿಡಬೇಕು. ಅದಕ್ಕಿಂತ ಮುಖ್ಯವಾಗಿ, ಇವು ಯಾರ ಬಾಯಲ್ಲಿ ಸಲೀಸಾಗಿ ಬರುತ್ತವೋ ಅವರ ಸಹವಾಸದಿಂದ ದೂರವಿಡಬೇಕು ಎನ್ನುತ್ತಾರೆ ಅವರು. ಮಗು ಮೊದಲ ಸಲ ತಪ್ಪಿದರೆ ಕಂಡೂ ಕಾಣದಂತಿರಬೇಕು, ಅದು ತಾನೇ ನಾಚಿ ಮುಚ್ಚಿಡುತ್ತಿದ್ದರಂತೂ ಕೆದಕಲೇಬಾರದು. ಮತ್ತೆ ತಪ್ಪಿದರೆ ಯಾರೂ ಇಲ್ಲದಾಗ ಗದರಬೇಕು. ದಿನವೂ ಬೈಸಿಕೊಂಡ ಮಗುವಿಗೆ ಬೈಗುಳ ಹಗುರಾಗಿಬಿಡುತ್ತದೆ ಎಂಬುದು ಗಝಾಲಿಯವರ ಭಯ. 

ಪೇಟೆಯ ಮಕ್ತಬ್‌ಗಳಲ್ಲಿ ಇಷ್ಟು ತಾಳ್ಮೆ ಇದ್ದಂತಿಲ್ಲ. 12ನೇ ಶತಮಾನದ ಸಿರಿಯಾದಲ್ಲಿ ಪೇಟೆಯ ಉಸ್ತುವಾರಿ ನೋಡುವ ಮುಹ್ತಸಿಬ್ ಅಧಿಕಾರಿಗಳಿಗಾಗಿ ಅಶ್ಶೈಝರೀ ಬರೆದ ಕೈಪಿಡಿ, ಹೊಲಸು ಮಾತಾಡುವ ಹುಡುಗರಿಗೆ ಬೆತ್ತದ ರುಚಿ ತೋರಿಸಲು ಉಸ್ತಾದರಿಗೆ ಅನುಮತಿ ಕೊಡುತ್ತದೆ. ಬೆತ್ತ ಮೂಳೆ ಮುರಿಯುವಷ್ಟು ದಪ್ಪಗಿರಬಾರದು, ಅಷ್ಟೆ. ಬಾಗ್ದಾದಿನ ಪೋಲಿ ಕವಿ ಇಬ್ನುಲ್ ಹಜ್ಜಾಜ್‌ನ (ನಿಧನ 1001) ಪದ್ಯಗಳನ್ನು ಬಾಯಿಪಾಠ ಮಾಡಿದವರಿಗೂ ಏಟು ಬೀಳಬೇಕು. ಸತ್ತು ನೂರು ವರ್ಷ ದಾಟಿದ ಕವಿಯ ಹೆಸರು ಹಿಡಿದು ನಿಷೇಧಿಸಬೇಕಾಯಿತೆಂದರೆ ಹುಡುಗರು ಆ ಪದ್ಯಗಳನ್ನು ಕದ್ದು ಕಲಿಯುತ್ತಲೇ ಇದ್ದರೆಂದಾಯಿತು. ಬೆತ್ತದ ಮೇಲಿನ ಈ ನಂಬಿಕೆಯನ್ನು ಬಲವಾಗಿ ಅಲ್ಲಗಳೆದವರು ಇತಿಹಾಸಕಾರ ಇಬ್ನ್ ಖಲ್ದೂನ್. 1377ರ ‘ಮುಖದ್ದಿಮಾ’ದಲ್ಲಿ ಅವರು, ಅತಿ ದಂಡನೆಯಲ್ಲಿ ಬೆಳೆದ ಮಗು ಏಟು ತಪ್ಪಿಸಿಕೊಳ್ಳಲು ಸುಳ್ಳು ಮತ್ತು ಕಪಟ ಕಲಿಯುತ್ತದೆ, ಕ್ರಮೇಣ ಅದೇ ಸ್ವಭಾವವಾಗುತ್ತದೆ ಎಂದು ವಾದಿಸಿದರು.

ಮಕ್ಕಳ ನಾಲಿಗೆಯನ್ನು ತಿದ್ದುವ ಕೆಲಸಕ್ಕೆ ದಖ್ಖನಿನಲ್ಲಿ ಬೇರೆಯೇ ದಾರಿಯಿತ್ತು. ವಿಜಾಪುರದ ಚಿಶ್ತಿ ಸೂಫಿಗಳ ವಲಯದಲ್ಲಿ ದಖನಿ ಭಾಷೆಯ ‘ಚಕ್ಕೀನಾಮಾ’, ‘ಲೋರೀನಾಮಾ’ಗಳು ಹುಟ್ಟಿದವು. ಒಂದು ಬೀಸುವ ಪದ, ಇನ್ನೊಂದು ಜೋಗುಳ. ತಾಯಂದಿರ ಹಾಡಿನಲ್ಲಿ ಅಲ್ಲಾಹನ ಮತ್ತು ಪ್ರವಾದಿಯ ಹೆಸರು ಮಗುವಿನ ಕಿವಿಗೆ ಮಾತು ಕಲಿಯುವ ಮೊದಲೇ ಬೀಳುತ್ತಿತ್ತು. ಕರಾವಳಿಯಲ್ಲಿ ಒಳ್ಳೆಯ ಮಾತಿನ ಪಾಠ ಪಠ್ಯಪುಸ್ತಕಕ್ಕೂ ಬಂತು. 1951ರಲ್ಲಿ ಕೇರಳದಲ್ಲಿ ಆರಂಭವಾದ ಸಮಸ್ತ ಮದ್ರಸಾ ಶಿಕ್ಷಣ ಮಂಡಳಿಯ ಪಠ್ಯಕ್ರಮ ದಕ್ಷಿಣ ಕನ್ನಡ, ಕೊಡಗುಗಳಿಗೂ ಹರಡಿತು. ಅದರಲ್ಲಿ ನಡೆನುಡಿಯನ್ನು ಕಲಿಸುವ ‘ಅಖ್ಲಾಖ್’ ಒಂದು ಪ್ರತ್ಯೇಕ ವಿಷಯ.