ಗಾಜಿನ ತೊಟ್ಟಿಯ ಮೀನು ಸಾಯುವುದೇಕೆ?



ಮೀನು ಸಾಕಣೆ ಎಂದರೆ ನಿಮಗೆ ಕೆರೆ, ಕೃಷಿಹೊಂಡ, ಭದ್ರಾ ಜಲಾಶಯ ನೆನಪಾಗುತ್ತವೆ. ಇಂದು ನಾನು ಹೇಳಹೊರಟಿರುವುದು ಮನೆಯೊಳಗಿನ ಪುಟ್ಟ ಗಾಜಿನ ತೊಟ್ಟಿಯ ಸಂಗತಿ. "ಪೇಟೆಯವರ ಶೋಕಿ ನಮಗೇಕಪ್ಪಾ?" ಅಂದೀರಿ. ಸ್ವಲ್ಪ ತಾಳಿ. ಈ ಮಾತು ಕೊನೆಗೆ ನಿಮ್ಮ ಹೊಲಕ್ಕೂ ತಿಪ್ಪೆಗೂ ಬಂದು ನಿಲ್ಲುತ್ತದೆ.

ನನ್ನ ಅಕ್ಕನ ಮನೆ ಭದ್ರಾವತಿಯಲ್ಲಿದೆ. ಅವಳ ಮಗ ಹಬ್ಬದ ದುಡ್ಡು ಕೂಡಿಟ್ಟು ಶಿವಮೊಗ್ಗ ಪೇಟೆಯಿಂದ ಆರು ಗಪ್ಪಿ ಮೀನು ತಂದ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗೆ ಬಿಡುತ್ತಾರಲ್ಲ, ಅದೇ ಜಾತಿ. ನಾಲ್ಕನೇ ದಿನ ಎರಡು ಸತ್ತವು. ವಾರದೊಳಗೆ ತೊಟ್ಟಿ ಬರಿದಾಯಿತು. ಮತ್ತೆ ತಂದ, ಮತ್ತೆ ಅದೇ ಗತಿ. ಅಜ್ಜಿ ದೃಷ್ಟಿ ತಾಕಿತು ಅಂದರು. ಭಾವ ಅಂಗಡಿಯವನು ರೋಗದ ಮೀನು ಕೊಟ್ಟ ಅಂದರು. ಕೃಷಿ ಡಿಪ್ಲೊಮಾ ಓದಿದವನೆಂದು ನನ್ನನ್ನು ಕೇಳಿದರು. ನಾನೂ ಗತ್ತಿನಿಂದ ಹೇಳಿದೆ: "ಕೊಳೆ ಸೇರಿದೆ ಕಣೋ. ತೊಟ್ಟಿ, ಮರಳು ಎಲ್ಲಾ ಬಿಸಿನೀರಲ್ಲಿ ತಿಕ್ಕಿ ತೊಳಿ. ದಿನಾ ಹೊಸ ನಲ್ಲಿನೀರು ತುಂಬು." ಹುಡುಗ ಚಾಚೂ ತಪ್ಪದೆ ಹಾಗೇ ಮಾಡಿದ. ಮೂರನೇ ಸಲದ ಮೀನು ಎರಡೇ ದಿನ ಬದುಕಿದವು. "ಮಾವ, ಇನ್ನು ಮೀನು ಬೇಡ. ನಾನೇ ಕೊಲ್ತಾ ಇದೀನಿ" ಎಂದು ತಲೆ ತಗ್ಗಿಸಿದ.

ಕೊಂದದ್ದು ಅವನಲ್ಲ, ನನ್ನ ಸಲಹೆ. ಅದು ಮನಸ್ಸಿಗೆ ಚುಚ್ಚಿ, ಪುಸ್ತಕ ಹುಡುಕಿ ಕುಳಿತೆ. ನೋಡಿದರೆ, ನಮ್ಮ ಹುಡುಗನ ಪ್ರಶ್ನೆಯನ್ನು ದೊಡ್ಡ ದೊಡ್ಡವರೇ ಕೇಳಿ ತಲೆ ಕೆಡಿಸಿಕೊಂಡಿದ್ದಾರೆ. ಅವರ ಕಥೆ ಕೇಳಿ.

ಚಿನ್ನದ ಮೀನನ್ನು ಚೀನಾ ದೇಶದವರು ಸಾವಿರ ವರ್ಷದ ಹಿಂದೆಯೇ ಕೊಳಗಳಲ್ಲಿ ಸಾಕುತ್ತಿದ್ದರು. ಅದು ನಮ್ಮ ಗೆಂಡೆಯ ನೆಂಟ. ಕೊಳದಲ್ಲಿ ಸುಖವಾಗಿದ್ದ ಮೀನು ಗಾಜಿನ ಪಾತ್ರೆಯಲ್ಲಿ ಮಾತ್ರ ಬಾಳುತ್ತಿರಲಿಲ್ಲ. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ಪಂಡಿತರಿದ್ದರು. ಮೀನು ಉಸಿರಾಡಿ ನೀರಿನ ಪ್ರಾಣವಾಯುವನ್ನು ಮುಗಿಸುತ್ತದೆ; ಹಸಿರು ಗಿಡ ಬೆಳಕಿನಲ್ಲಿ ಅದನ್ನು ಮತ್ತೆ ಒದಗಿಸುತ್ತದೆ; ಎರಡನ್ನೂ ಕೂಡಿಸಿದರೆ ನೀರು ಬದಲಿಸದೆ ನಡೆದೀತೇ ಎಂದು ಅವರು ಯೋಚಿಸಿದರು. ಎರಡು ಚಿನ್ನದ ಮೀನು ಬಿಟ್ಟು, ನೀರುಗಿಡ ನೆಟ್ಟರು. ಗಿಡದ ಹಳೆಯ ಎಲೆ ಕೊಳೆತು ನೀರು ಕದಡಿತು. ಆ ಎಲೆ ತಿನ್ನಲು ನೀರಿನ ಬಸವನಹುಳು ಬಿಟ್ಟರು. ನೀರು ತಿಳಿಯಾಯಿತು, ಮೀನು ಬದುಕಿದವು. ೧೮೫೦ರಲ್ಲಿ ಅವರು ಇದನ್ನು ಪ್ರಕಟಿಸಿದರು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜನ ನೋಡಲು ಮೀನಿನ ಮನೆಯೇ ಎದ್ದಿತು.

ಆದರೂ ಒಗಟು ಪೂರ್ತಿ ಬಿಡಿಸಿರಲಿಲ್ಲ. ಗಿಡವಿದ್ದರೂ ಗಾಳಿಯಿದ್ದರೂ ಹೊಸ ತೊಟ್ಟಿಯಲ್ಲಿ ಮೀನು ಸಾಯುತ್ತವೆ. ಅದೇ ತೊಟ್ಟಿ ಹಳೆಯದಾದರೆ ಬಾಳುತ್ತವೆ. ಇದೇಕೆ? ಉತ್ತರ ಸಿಗುವ ಮೊದಲೇ, ೧೮೬೭ರಲ್ಲಿ, ವಾರಿಂಗ್ಟನ್ ತೀರಿಕೊಂಡರು.

ಉತ್ತರ ಬಂದದ್ದು ಮೀನಿನಿಂದಲ್ಲ, ಮಣ್ಣಿನಿಂದ. ೧೮೭೭ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಉದ್ದನೆಯ ಕೊಳವೆಗೆ ಮರಳು, ಸುಣ್ಣಕಲ್ಲು ತುಂಬಿ, ಮೇಲಿನಿಂದ ಚರಂಡಿ ನೀರು ಇಳಿಯಬಿಟ್ಟರು. ಆ ನೀರಿನಲ್ಲಿ ಅಮೋನಿಯ ಇತ್ತು. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯ. ಇಪ್ಪತ್ತು ದಿನ ಏನೂ ಆಗಲಿಲ್ಲ. ಅಮೋನಿಯ ಹೋದ ಹಾಗೇ ಹೊರಬಂತು. ಆಮೇಲೆ ಅದು ನೈಟ್ರೇಟಾಗಿ ಮಾರ್ಪಟ್ಟು ಬರತೊಡಗಿತು. ಕ್ಲೋರೋಫಾರಂ ಆವಿ ಹಾಯಿಸಿದರು, ಕೆಲಸ ನಿಂತಿತು. ತೋಟದ ಮಣ್ಣು ಕಲಸಿದ ನೀರು ಸುರಿದರು. ಕ್ರಮೇಣ ಕೆಲಸ ಮತ್ತೆ ಶುರುವಾಯಿತು. ಅಂದರೆ ಇದನ್ನು ಮಾಡುವುದು ಜೀವವಿರುವ ಅಣುಜೀವಿಗಳು ಎಂದು ಸಿದ್ಧವಾಯಿತು.

ಈಗ ಕೇಳಿ ಸ್ವಾರಸ್ಯ. ಇಂಗ್ಲೆಂಡಿನ ರಾಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕ್ಷೇತ್ರದಲ್ಲಿ ಈ ಕೆಲಸವನ್ನು ಮುಂದುವರಿಸಿದವರ ಹೆಸರೂ ರಾಬರ್ಟ್ ವಾರಿಂಗ್ಟನ್. ಮೀನಿನ ತೊಟ್ಟಿ ಇಟ್ಟವರ ಮಗ! ಅಮೋನಿಯ ಮೊದಲು ನೈಟ್ರೈಟಾಗುತ್ತದೆ, ಆಮೇಲೆ ನೈಟ್ರೇಟಾಗುತ್ತದೆ, ಎರಡು ಮೆಟ್ಟಿಲಿಗೂ ಬೇರೆ ಬೇರೆ ಅಣುಜೀವಿ ಬೇಕು ಎಂದು ಅವರು ತೋರಿಸಿದರು. ೧೮೯೦ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದರು. ತಂದೆಯ ತೊಟ್ಟಿಯಲ್ಲಿ ಉಳಿದ ಪ್ರಶ್ನೆಗೆ ಮಗನ ಹೊಲದಲ್ಲಿ ಉತ್ತರ ಸಿಕ್ಕಿತು.

ಇದನ್ನು ನಮ್ಮ ಹುಡುಗನ ತೊಟ್ಟಿಗೆ ಹೊಂದಿಸಿ ನೋಡಿ. ಮೀನು ತನ್ನ ಕಿವಿರಿನಿಂದಲೇ ಅಮೋನಿಯ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ಅದು ಮೀನಿಗೆ ವಿಷ, ನೈಟ್ರೈಟೂ ವಿಷ, ನೈಟ್ರೇಟು ಮಾತ್ರ ಅಷ್ಟು ಕೇಡಲ್ಲ. ಹೊಸ ತೊಟ್ಟಿಯಲ್ಲಿ ಅಣುಜೀವಿಗಳ ಬಳಗ ಇರುವುದಿಲ್ಲ. ಅದು ನೆಲೆಯೂರಲು ಮೂರು ವಾರದಿಂದ ಒಂದೂವರೆ ತಿಂಗಳು ಬೇಕು. ಅವು ಮನೆ ಮಾಡುವುದು ಮರಳಿನ ಮೇಲೆ, ಗಾಜಿನ ಮೇಲೆ. ನಾನು ಬಿಸಿನೀರಲ್ಲಿ ತಿಕ್ಕಿಸಿ ತೊಳೆಸಿದ್ದು ಅದನ್ನೇ! ಸಾಲದ್ದಕ್ಕೆ ನಲ್ಲಿನೀರು. ನದಿಯ ನೀರನ್ನು ಊರಿಗೆ ಬಿಡುವ ಮುನ್ನ ರೋಗಾಣು ಸಾಯಲೆಂದು ಕ್ಲೋರಿನ್ ಬೆರೆಸುತ್ತಾರೆ. ನಮಗದು ರಕ್ಷೆ. ಮೀನಿಗೆ ಕಿವಿರು ಸುಡುತ್ತದೆ, ಒಳ್ಳೆಯ ಅಣುಜೀವಿಯೂ ಸಾಯುತ್ತದೆ.

ನಾಲ್ಕನೇ ಸಲ ನಾವು ಮಾಡಿದ್ದು ಇಷ್ಟೇ. ನಲ್ಲಿನೀರನ್ನು ಅಗಲ ಬಾಯಿಯ ಟಬ್ಬಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟೆವು. ಮೀನು ಆರೋಗ್ಯವಾಗಿದ್ದ ಹಳೆಯ ತೊಟ್ಟಿಯೊಂದರಿಂದ ಒಂದು ಹಿಡಿ ಒದ್ದೆ ಮರಳು ತಂದು ಹಾಕಿದೆವು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೀನು ತಂದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ಶಾಖ ಸಮನಾದ ಮೇಲೆ ಬಿಟ್ಟೆವು. ಆರಲ್ಲ, ಎರಡೇ ಮೀನು. ಆಹಾರ ಒಂದು ಚಿಟಿಕೆ. ವಾರಕ್ಕೆರಡು ಸಲ ಕಾಲು ಭಾಗ ನೀರು ಮಾತ್ರ ಬದಲಿ. ಮರಳು ತೊಳೆಯಬೇಕಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ. ಎರಡು ತಿಂಗಳಾದ ಮೇಲೆ ಹುಡುಗ ಫೋನು ಮಾಡಿ, "ಮಾವಾ, ಮರಿ ಹಾಕಿದೆ!" ಎಂದು ಕೂಗಿದ.

ಬಾಂಧವರೇ, ನಿಮ್ಮ ಹೊಂಡಕ್ಕೂ ಇದೇ ನ್ಯಾಯ. ಹಸಿ ಸಗಣಿಯನ್ನು ಒಮ್ಮೆಗೇ ಸುರಿದರೆ, ಯೂರಿಯಾ ಹೆಚ್ಚು ಚೆಲ್ಲಿದರೆ, ಮೀನುಮರಿಗೆ ಉಸಿರು ಕಟ್ಟುತ್ತದೆ. ಹೊಸ ಸಿಮೆಂಟು ತೊಟ್ಟಿ ಸುಣ್ಣ ಬಿಡುತ್ತದೆ; ಆ ಕ್ಷಾರದಲ್ಲಿ ಅಮೋನಿಯದ ವಿಷ ಹೆಚ್ಚುತ್ತದೆ. ಆದ್ದರಿಂದ ಹೊಸ ತೊಟ್ಟಿಗೆ ಕೆಲವು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಹದ ಮಾಡಿ. ಹೊಲದ ಹದ ನೋಡದೆ ನೀವು ಬೀಜ ಬಿತ್ತುವುದಿಲ್ಲ ತಾನೇ? ನೀರಿಗೂ ಹದವಿದೆ. ಹೊಳೆಯುವ ನೀರೆಲ್ಲ ಹದವಾದ ನೀರಲ್ಲ.